ಜಂಪರ್ ತೊಟ್ಟ ಕಾದಂಬರಿಗಳು

ಹೋದ ಭಾನುವಾರ ಹೊನ್ನಾಳಿಯ ನಮ್ಮ ಓದುಗರ ಕೂಟಕ್ಕೆ ಹೊಸಬರೊಬ್ಬರು ಬಂದಿದ್ದರು. ತಾಲ್ಲೂಕು ಕಚೇರಿಯ ಹತ್ತಿರ ಜೆರಾಕ್ಸ್ ಅಂಗಡಿ ನಡೆಸುವ ಹೆಣ್ಣುಮಗಳು. ಆ ತಿಂಗಳಿಗೆ ಆರಿಸಿಕೊಂಡಿದ್ದ ಕಾದಂಬರಿಯ ಬಗ್ಗೆ ನಾವೆಲ್ಲ ಒಬ್ಬೊಬ್ಬರಾಗಿ ಗಂಟಲು ಸರಿಮಾಡಿಕೊಂಡು ಮಾತಾಡಿ ಮುಗಿಸಿದ ಮೇಲೆ ಆಕೆಯ ಸರದಿ ಬಂತು.

“ನಾನು ಓದ್ಲಿಲ್ರಿ, ಕೇಳಿದೆ. ಮೊಬೈಲ್‌ನಾಗೆ ಬರ್ತೈತಲ್ರಿ, ಅದನ್ನ ಕಿವಿಗೆ ಹಾಕ್ಕಂಡು ಜೆರಾಕ್ಸ್ ಮಾಡ್ಕಂತಾನೇ ಮುಗಿಸ್ಬಿಟ್ಟೆ. ಒಂದು ಕಡೆ ಅಳು ಬಂದು ಯಾರ್ದೋ ಪಹಣಿ ಆರು ಕಾಪಿ ಜಾಸ್ತಿ ತೆಗೆದೆ,” ಎಂದರು.

ಕೂಟದ ಹಳಬರು ನಾವು ಏಳು ಜನ. ಉಳಿದ ಆರು ಜನರೂ ನನ್ನ ಮುಖ ನೋಡಿದರು. ನಿವೃತ್ತ ಕನ್ನಡ ಮೇಷ್ಟ್ರು ಅನ್ನುವ ಕಾರಣಕ್ಕೆ ಇಂಥ ತೀರ್ಪುಗಳನ್ನು ನನ್ನ ತಲೆಗೆ ಕಟ್ಟುವುದು ರೂಢಿ. ಕೇಳಿದ್ದು ಓದಿದ ಹಾಗಾಯಿತೋ ಇಲ್ಲವೋ? “ಅದು ಓದಲ್ಲಮ್ಮ” ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ನಾವು ಸೇರುವ ಕೋಣೆಯ ಕೆಳಗೊಂದು ಟೈಲರ್ ಅಂಗಡಿ ಇದೆ. ಆಗಷ್ಟೇ ಮಷಿನ್ನಿಗೆ ಎಣ್ಣೆ ಬಿಟ್ಟಿದ್ದರೆಂದು ಕಾಣುತ್ತದೆ, ಕಿಟಕಿಯಿಂದ ಅದರ ವಾಸನೆ ಮೇಲೆ ಬಂತು. ನಾನು ಆ ಮಾತನ್ನು ನುಂಗಿಕೊಂಡು, “ಅಳು ಬಂದಿದ್ದು ಯಾವ ಕಡೆ ತಾಯಿ?” ಎಂದು ಕೇಳಿದೆ. ಆಕೆ ಅರ್ಧ ಗಂಟೆ ಮಾತಾಡಿದರು. ತರಿಸಿದ್ದ ಚಹಾ ಆರಿಹೋಯಿತು, ಯಾರಿಗೂ ಅದರ ನೆನಪಾಗಲಿಲ್ಲ.

ಹೊಲಿಗೆ ಮಷಿನ್ನಿನ ಎಣ್ಣೆಗೂ ನನ್ನ ಬಾಯಿ ಮುಚ್ಚಿದ್ದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ, ಸ್ವಲ್ಪ ಸುತ್ತು ಬಳಸಿನ ದಾರಿ.

ನೀವು ನನ್ನನ್ನು ನಾನು ಎಂ.ಎ. ಓದುತ್ತಿದ್ದಾಗ ನೋಡಬೇಕಿತ್ತು. ಶಿವಮೊಗ್ಗದಲ್ಲಿ ಹಾಸ್ಟೆಲ್ಲು, ಹೆಗಲಿಗೊಂದು ಬಟ್ಟೆಯ ಚೀಲ, ನನ್ನಂಥವರೇ ಮೂರು ಜನ ಗೆಳೆಯರು. ಪುಸ್ತಕದ ವಿಷಯದಲ್ಲಿ ನಮ್ಮದು ಭಾರೀ ಮಡಿ. ಹಾಳೆಯ ಮೂಲೆ ಮಡಚಬಾರದು. ಮಲಗಿಕೊಂಡು ಓದಬಾರದು. ಮೊದಲೇ ಕೊನೆಯ ಪುಟ ನೋಡುವವರ ಜೊತೆ ಚಹಾ ಕೂಡ ಕುಡಿಯಬಾರದು. ಕಾದಂಬರಿಯಲ್ಲಿ ಕಥೆ ಇದೆ ಎಂದರೆ ನಮಗೆ ಅನುಮಾನ. ಓದಿ ಅತ್ತುಬಿಟ್ಟೆ ಎಂದು ಯಾರಾದರೂ ಹೇಳಿಕೊಂಡರೆ ಅವರ ಬಗ್ಗೆ ಮರುಕ. ಇನ್ನು ವಾರಪತ್ರಿಕೆಯ ಧಾರಾವಾಹಿಗಳೆಂದರೆ ಕೇಳಲೇಬೇಡಿ, ಅವು ಎರಡು ಜಾಹೀರಾತುಗಳ ನಡುವಿನ ಸಂದು ಮುಚ್ಚಲು ಬರೆಸುವಂಥವು ಎಂದು ಚಹಾದಂಗಡಿಯಲ್ಲಿ ನಾನೇ ಎಷ್ಟೋ ಸಲ ಭಾಷಣ ಬಿಗಿದಿದ್ದೆ.

ನಿಮ್ಮಲ್ಲಿ ಮುಚ್ಚಿಡುವುದೇನು, ಅದೇ ವಾರಪತ್ರಿಕೆ ಹಾಸ್ಟೆಲ್ಲಿಗೆ ಬರುವ ದಿನ ನಾನು ಎಲ್ಲರಿಗಿಂತ ಮೊದಲು ವಾಚನಾಲಯದಲ್ಲಿರುತ್ತಿದ್ದೆ. ಇಂಗ್ಲಿಷ್ ಪೇಪರನ್ನು ಅಗಲಕ್ಕೆ ಬಿಡಿಸಿ ಹಿಡಿದು, ಅದರ ಮರೆಯಲ್ಲಿ ಧಾರಾವಾಹಿ ಓದಿ ಮುಗಿಸಿ, ಮುಖ ಗಂಟಿಕ್ಕಿಕೊಂಡು ಹೊರಗೆ ಬರುತ್ತಿದ್ದೆ. ದೇಶದ ಪರಿಸ್ಥಿತಿಯ ಬಗ್ಗೆ ಚಿಂತೆಯಲ್ಲಿದ್ದಾನೆ ಎಂದು ಗೆಳೆಯರು ತಿಳಿಯುತ್ತಿದ್ದರು.

ನಮ್ಮೂರು ಚನ್ನಗಿರಿ. ಆದರೆ ರಜೆ ಬಂತೆಂದರೆ ನಾನು ಇಳಿಯುತ್ತಿದ್ದದ್ದು ನ್ಯಾಮತಿಯಲ್ಲಿ, ನಮ್ಮಪ್ಪನ ತಂಗಿ ಸರೋಜತ್ತೆಯ ಮನೆಯಲ್ಲಿ. ನ್ಯಾಮತಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಅತ್ತೆ ಪಡಸಾಲೆಯಲ್ಲಿ ಮಷಿನ್ ಹಾಕಿಕೊಂಡು ಊರ ಹೆಂಗಸರಿಗೆಲ್ಲ ಜಂಪರ್ ಹೊಲಿಯುತ್ತಿದ್ದಳು. ನೀವು ಬ್ಲೌಸ್ ಅನ್ನುತ್ತೀರಲ್ಲ, ಅದೇ. ಮಧ್ಯಾಹ್ನ ಮೂರರ ಹೊತ್ತಿಗೆ, ಊಟದ ಪಾತ್ರೆ ತೊಳೆದಾದ ಮೇಲೆ, ಐದಾರು ಜನ ಬಂದು ಕೂರುತ್ತಿದ್ದರು. ಅಳತೆ ಕೊಡಲು ಬಂದೆ ಎನ್ನುವುದು ನೆಪ. ಒಬ್ಬಾಕೆಯಂತೂ ಒಂದೇ ರಜೆಯಲ್ಲಿ ಹನ್ನೊಂದು ಸಲ ಅಳತೆ ಕೊಟ್ಟದ್ದು ನನಗೆ ನೆನಪಿದೆ. ಬರುತ್ತಿದ್ದದ್ದು ಅತ್ತೆ ಓದುವ ಧಾರಾವಾಹಿ ಕೇಳಲು.

ವಾರಪತ್ರಿಕೆ ಆ ಬೀದಿಯಲ್ಲಿ ಐದು ಮನೆ ಸುತ್ತುತ್ತಿತ್ತು. ತರಿಸುತ್ತಿದ್ದದ್ದು ಒಂದು ಮನೆಯವರು, ಓದುತ್ತಿದ್ದದ್ದು ಐದು ಮನೆಯವರು. ಅತ್ತೆಯದು ಕೊನೆಯ ಮನೆ. ಹಾಗಾಗಿ ಶಿವಮೊಗ್ಗದಲ್ಲಿ ನಾನು ಓದಿ ಮರೆತ ಕಂತು ನ್ಯಾಮತಿಯ ಪಡಸಾಲೆಗೆ ಬರುವಾಗ ಮೂರು ವಾರ ಕಳೆದಿರುತ್ತಿತ್ತು. ಕೊನೆಯ ಮನೆಯವರಿಗೆ ಒಂದು ಹಕ್ಕಿತ್ತು, ಕತ್ತರಿ ಹಾಕುವ ಹಕ್ಕು. ಅತ್ತೆ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ ಜೋಡಿಸಿಟ್ಟುಕೊಂಡು, ಮುಗಿದ ಮೇಲೆ ದಪ್ಪ ಸೂಜಿ ಹಾಕಿ ಮಷಿನ್ನಿನಲ್ಲೇ ಅಂಚು ಹೊಲಿದು, ಸೀರೆ ಡಬ್ಬಿಯ ರಟ್ಟು ಕೊಟ್ಟು, ಅದರ ಮೇಲೆ ಯಾರದೋ ಜಂಪರಿನಲ್ಲಿ ಉಳಿದ ಬಟ್ಟೆ ಅಂಟಿಸುತ್ತಿದ್ದಳು. ಹಸಿರು, ಕುಂಕುಮದ ಬಣ್ಣ, ಬಿಳಿ ಚುಕ್ಕಿಯ ನೀಲಿ. ಗೂಡಿನಲ್ಲಿ ಸಾಲಾಗಿ ನಿಂತ ಆ ಪುಸ್ತಕಗಳಿಗೆ ಹೆಸರಿಲ್ಲ, ಬರೆದವರ ಹೆಸರಿಲ್ಲ. “ಗೌಡ್ರ ಸೊಸಿ ಹಸ್ರು ಜಂಪರ್‌ದು ಕೊಡಕ್ಕ, ಇನ್ನೊಂದು ಸಲ ಕೇಳಾಣ,” ಎಂದರೆ ಅದೇ ಗುರುತು.

ನನ್ನ ಮಡಿಗೆ ಇದಕ್ಕಿಂತ ದೊಡ್ಡ ಮೈಲಿಗೆ ಯಾವುದಿತ್ತು? “ಇದನ್ನು ಬರೆದವರು ಯಾರು ಅಂತಾದರೂ ಗೊತ್ತಾ ನಿಮಗೆ?” ಎಂದು ಒಂದು ದಿನ ಕೇಳಿದೆ. ಕಾಳು ಆರಿಸುತ್ತಿದ್ದಾಕೆ ತಲೆಯೆತ್ತದೆ, “ಯಾರಾದ್ರೂ ಬರ್ದೇ ಇರ್ತಾರೆ ಬಿಡಪ್ಪ, ಬರೀದೆ ಹೆಂಗೆ ಬರ್ತೈತೆ?” ಎಂದಳು.

ಐದು ಮನೆ ಸುತ್ತುವಾಗ ಒಂದೊಂದು ಸಂಚಿಕೆ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಯಾರೋ ಡಬ್ಬಿಯ ತಳಕ್ಕೆ ಹಾಸಿರುತ್ತಿದ್ದರು, ಯಾರೋ ಮಂಡಕ್ಕಿ ಕಟ್ಟಿ ಕಳಿಸಿರುತ್ತಿದ್ದರು. ಅಂಥ ವಾರ ಅತ್ತೆ ಕೈಯಲ್ಲಿ ಹಳೆಯ ಹಾಳೆ ಹಿಡಿದು ತಾನೇ ಒಂದು ಕಂತು ಕಟ್ಟಿ ಹೇಳಿಬಿಡುತ್ತಿದ್ದಳು. ತೂತು ಮುಚ್ಚಲು ಶುರುಮಾಡಿದವಳು ಬರಬರುತ್ತಾ ಬಟ್ಟೆಯನ್ನೇ ಬೇರೆ ಅಳತೆಗೆ ಕತ್ತರಿಸುವುದನ್ನೂ ಕಲಿತಿದ್ದಳು. ಇದು ನನಗೆ ಗೊತ್ತಾದದ್ದು ಎಂ.ಎ. ಮೊದಲ ವರ್ಷ ಮುಗಿಸಿ ಬಂದ ರಜೆಯಲ್ಲಿ.

ಆ ವರ್ಷದ ಧಾರಾವಾಹಿಯಲ್ಲಿ ಒಂದು ಬಡ ಮನೆಯ ಹುಡುಗಿ ಮೇಷ್ಟರ ತರಬೇತಿಗೆಂದು ದೂರದ ಪಟ್ಟಣಕ್ಕೆ ಹೋಗುತ್ತಾಳೆ. ಪಡಸಾಲೆಯಲ್ಲಿ ದಿನವೂ ತಪ್ಪದೆ ಕೂರುತ್ತಿದ್ದವರು ಹಾಲಮ್ಮ ಮತ್ತು ಆಕೆಯ ಅತ್ತೆ ಬಸಮ್ಮಜ್ಜಿ. ಹಾಲಮ್ಮ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಬಸಮ್ಮಜ್ಜಿ ಕಂಬಕ್ಕೆ ಒರಗಿ, ಎಲೆ ಅಡಿಕೆ ಜಗಿಯುತ್ತಾ, ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಕೇಳುತ್ತಿದ್ದಾಳೋ ನಿದ್ದೆ ಮಾಡುತ್ತಿದ್ದಾಳೋ ತಿಳಿಯುತ್ತಿರಲಿಲ್ಲ.

ಅವತ್ತು ಅತ್ತೆ ಓದುತ್ತಿದ್ದ ಕಂತಿನಲ್ಲಿ ಹುಡುಗಿಯ ಮೊದಲ ವರ್ಷದ ಪರೀಕ್ಷೆಯ ಫಲಿತಾಂಶ ಬರುತ್ತದೆ. “ಹುಡುಗಿ ಪಾಸಾದಳು. ಇಡೀ ಊರು ಬಾಯಿ ಮೇಲೆ ಬೆರಳಿಟ್ಟುಕೊಂಡಿತು,” ಎಂದು ಅತ್ತೆ ಓದಿದಳು. ನನಗೆ ತಡೆಯಲಾಗಲಿಲ್ಲ. ಮೂಲಪಾಠಕ್ಕೆ ಇಂಥ ಅಪಚಾರ ನಡೆಯುವಾಗ ಎಂ.ಎ. ಓದುವವನು ಸುಮ್ಮನಿರುವುದು ಹೇಗೆ?

“ಅತ್ತೆ, ಅಲ್ಲಿ ಹಾಗಿಲ್ಲ. ಅವಳು ಫೇಲಾಗುತ್ತಾಳೆ. ಊರಿಗೆ ವಾಪಸ್ ಬರುತ್ತಾಳೆ. ಅವರಮ್ಮ ಹಿರಿಯರ ಕಾಲಿಗೆ ಬಿದ್ದು, ಓದಲು ಕಳಿಸಿದ್ದು ತಪ್ಪಾಯಿತು ಅನ್ನುತ್ತಾಳೆ. ನಾನು ಓದಿದ್ದೇನೆ.”

ಹಾಳೆ ಮಷಿನ್ನಿನ ಮೇಲೆ ಇಳಿಯಿತು. ಅತ್ತೆ ನನ್ನನ್ನೇ ನೋಡಿ, “ಓಹೋ, ನೀನೂ ಓದ್ತೀಯೇನಪ್ಪ ಅಳಿಯ ಇದನ್ನ?” ಎಂದಳು. ನನ್ನ ಕಿವಿ ಬಿಸಿಯಾದವು. ಅಷ್ಟರಲ್ಲಿ ಹೆಂಗಸರೆಲ್ಲ ಒಟ್ಟಿಗೆ ಎದ್ದರು. “ಹಂಗಾದ್ರೆ ನೀಲಿ ಜಂಪರ್‌ನಾಗೆ ಆ ಕುಂಟ ಎದ್ದು ನಡೆದಿದ್ದು?” “ನಂಗೆ ಅವತ್ತೇ ಅನುಮಾನ ಬಂದಿತ್ತು ಬಿಡು!” “ಅಲ್ಲ ಸರೋಜಕ್ಕ, ಆ ಡಾಕ್ಟ್ರು ಸತ್ತೇ ಹೋಗಿದ್ನಾ?” ಗಲಾಟೆಯ ನಡುವೆ ಬಸಮ್ಮಜ್ಜಿ ಕಣ್ಣು ಬಿಟ್ಟಳು.

“ಹಂಗಾದ್ರೆ ಹೊರಗೆ ಓದಾಕೆ ಕಳ್ಸಿದ್ರೆ ಹಿಂಗೇ ಆಗ್ತೈತೆ ಅನ್ನು,” ಎಂದು ಎದ್ದಳು. ಹಾಲಮ್ಮ ನನ್ನ ಕಡೆ ಒಂದು ಸಲ ನೋಡಿ ಹಿಂದೆಯೇ ಹೋದಳು.

ಅವರು ಹೋದ ಮೇಲೆ ಅತ್ತೆ ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಬಾಬಿನ್ನಿಗೆ ದಾರ ಸುತ್ತುತ್ತಾ ಹೇಳಿದಳು: “ನೀನು ಸುಳ್ಳು ಹೇಳ್ಲಿಲ್ಲ, ಅದ್ಕೇ ನಿನ್ನ ಬಯ್ಯಾಕೆ ಬರಂಗಿಲ್ಲ. ಹಾಲಮ್ಮನ ಮಗಳು ನೇತ್ರ ಐದಾಳಲ್ಲ, ಆಕಿಗೆ ದಾವಣಗೆರ್ಯಾಗೆ ಮೇಷ್ಟ್ರ ತರಬೇತಿಗೆ, ಟಿ.ಸಿ.ಎಚ್.ಗೆ, ಸೀಟು ಸಿಕ್ಕೈತೆ. ಸೋಮವಾರದೊಳಗೆ ಹೋಗಿ ಸೇರ್ಬೇಕು. ಅಜ್ಜಿ ಬಸವಾಪಟ್ಟಣದಾಗೆ ಗಂಡು ನೋಡಿ ಕುಂತೈತೆ. ಆ ಮನ್ಯಾಗೆ ಅಜ್ಜಿ ಮಾತೇ ಮಾತು, ಹಾಲಮ್ಮನ ಗಂಡ ಅವರವ್ವ ಹಾಕಿದ ಗೆರೆ ದಾಟಲ್ಲ. ಒಂದೂವರೆ ತಿಂಗ್ಳಿಂದ ನಾನು ಕತಿ ಓದ್ತಿದ್ದಿದ್ದು ಆ ಮುದುಕಿಗೆ ಕಣಪ್ಪ. ಮೊನ್ನೆ ಹೋಗ್ವಾಗ, ‘ಹುಡ್ಗಿ ಪಾಸಾಗ್ತಾಳೇನೇ?’ ಅಂತ ಕೇಳಿತ್ತು. ಕರಗ್ತಾ ಇತ್ತು.”

ನೇತ್ರಾವತಿಯನ್ನು ನಾನು ಕಂಡಿದ್ದೆ. ಮಾವಿನಕಾಯಿ ಕೊಡಲು ಬಂದವಳು ನನ್ನ ಪುಸ್ತಕವೊಂದನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತು ಎರಡು ಪುಟ ಓದಿದ್ದಳು. ನಾನೋ, ಪುಸ್ತಕ ಹಿಡಿಯುವಾಗ ಬೆನ್ನು ಮುರಿಯಬಾರದು ಎಂದು ಪಾಠ ಹೇಳಿ ಕಳಿಸಿದ್ದೆ. ಮಾರನೆಯ ದಿನ ಬಸವಾಪಟ್ಟಣಕ್ಕೆ ಹೇಳಿಕಳಿಸಿದ್ದಾರೆ, ಮಂಗಳವಾರ ಗಂಡಿನ ಕಡೆಯವರು ಬರುತ್ತಾರೆ ಎಂದು ಸುದ್ದಿ ಬಂತು. ಹುಡುಗಿ ಊಟ ಬಿಟ್ಟಿದ್ದಾಳಂತೆ ಎಂದೂ ಕೇಳಿದೆ. ಒಂದು ವಾಕ್ಯದಲ್ಲಿ ನಾನು ಮಾಡಿದ ಕೆಲಸ ಇದು. ಅದೂ ನಿಜದ ವಾಕ್ಯದಲ್ಲಿ.

“ಏನು ಮಾಡುವುದು ಅತ್ತೆ?”

“ಶಿವಮೊಗ್ಗದಾಗೆ ಮುಂದಿನ ಕಂತು ಬಂದಿರ್ತೈತಲ್ಲ?”

“ಬಂದಿರುತ್ತದೆ.”

“ಅದನ್ನ ನಿನ್ನ ಗೆಳೆಯ ನಕಲು ಮಾಡಿ, ಅಲ್ಲಿಂದ ಬಂದೋರ ಕೈಯಾಗೆ ಕಳಿಸ್ಯಾನೆ. ಹೋಗಿ ಬರಿ.”

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹಿತ್ತಿಲ ಕಟ್ಟೆಯ ಮೇಲೆ ಕೂತು ಬರೆದೆ. ಜೀವಮಾನದಲ್ಲಿ ನಾನು ಬರೆದ ಮೊದಲ ಕಥೆ ಅದು, ಕೊನೆಯದೂ ಅದೇ. ಎಷ್ಟೆಂದರೂ ನನ್ನ ಮೊದಲ ಕೃತಿಯಲ್ಲವೇ, ಸುಮ್ಮನೆ ಹೇಗೆ ಬರೆಯಲಿ? ಹುಡುಗಿ ಕಿಟಕಿಯ ಬಳಿ ನಿಂತು ಎದುರಿನ ಗೋಡೆಯನ್ನು ಎರಡು ಹಾಳೆಯುದ್ದಕ್ಕೂ ನೋಡಿದಳು. ಗೋಡೆಯ ಮೇಲೊಂದು ಇರುವೆ ಹತ್ತುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಹತ್ತುತ್ತಿತ್ತು. ಅತ್ತೆ ನಿಂತುಕೊಂಡೇ ಓದಿ ಮುಗಿಸಿದಳು.

“ಇದ್ರಾಗೆ ಆಕಿ ಪಾಸಾಗಿದ್ದು ಎಲ್ಲೈತೆ?”

“ಅದು ಸೂಚ್ಯವಾಗಿದೆ ಅತ್ತೆ.”

“ಸೂಚ್ಯ ಅಂದ್ರೇನು?”

“ಹೇಳದೆ ಹೇಳುವುದು.”

“ಸೋಮವಾರ ಹುಡ್ಗಿ ಹೋಗಿ ಸೇರ್ಬೇಕು ಕಣಪ್ಪ. ಹೇಳ್ದೆ ಹೇಳಾಕೆ ಟೈಮೆಲ್ಲೈತೆ? ಮಾರ್ಕ್ಸ್ ಕೂಡಿದ್ರಾಗೆ ತಪ್ಪಾಗಿತ್ತು, ತಿದ್ದಿ ಪಾಸು ಮಾಡಿದ್ರು ಅಂತ ಬರಿ. ಆಮ್ಯಾಲೆ ಹಾಸ್ಟೆಲ್ನಾಗೆ ಊಟ ಹೆಂಗೈತೆ ಬರಿ. ಬಾಗ್ಲಿಗೆ ಚಿಲಕ ಐತೆ ಅಂತ ಬರಿ. ಮನ್ಯಾಗಿನ ಹೆಂಗಸ್ರು ಮೊದ್ಲು ಕೇಳಾದೇ ಅದು. ಆ ಇರುವೆ ಕಡೀಗಾಕು.”

ಇರುವೆಯನ್ನು ತೆಗೆಯುವಾಗ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎರಡನೆಯ ಸಲ ಬರೆದದ್ದನ್ನೂ ಅತ್ತೆ ವಾಪಸ್ ಕೊಟ್ಟಳು. ಹಾಸ್ಟೆಲಿನ ವಾರ್ಡನ್ ಗಂಡಸು ಎಂದು ಬರೆದಿದ್ದೆನಂತೆ. “ಬಸಮ್ಮಜ್ಜಿ ಅಲ್ಲೇ ಎದ್ದು ಹೋಗ್ತಾಳೆ,” ಎಂದಳು. ವಾರ್ಡನ್ನರನ್ನು ಐವತ್ತು ದಾಟಿದ ಹೆಂಗಸು ಮಾಡಿ, ಕೈಗೊಂದು ಬೆತ್ತ ಕೊಟ್ಟೆ. ಮೂರನೆಯ ಸಲದ ನಾಲ್ಕು ಹಾಳೆ ಪಾಸಾದವು.

ಭಾನುವಾರ ಮಧ್ಯಾಹ್ನ ಪಡಸಾಲೆ ತುಂಬಿತ್ತು. ಅತ್ತೆಯ ಮೇಲೆ ಅನುಮಾನ ಬಂದಿತ್ತಲ್ಲ, ಅದಕ್ಕೇ ಮಾಮೂಲಿಗಿಂತ ಜಾಸ್ತಿ ಜನ. ಹಾಲಮ್ಮ ಬಸಮ್ಮಜ್ಜಿಯನ್ನು ಏನು ಹೇಳಿ ಕರೆತಂದಳೋ, ಅಜ್ಜಿ ಅದೇ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಳು. ಅತ್ತೆ ಹಾಳೆಗಳನ್ನು ಎಲ್ಲರಿಗೂ ತೋರಿಸಿ, “ನಮ್ಮ ಅಳಿಯನ ಗೆಳೆಯ ನಕಲು ಮಾಡಿ ಕಳಿಸ್ಯಾನೆ, ಬೇಕಾದ್ರೆ ಇವನ್ನೇ ಕೇಳ್ರಿ,” ಎಂದಳು. ಎಲ್ಲರೂ ನನ್ನತ್ತ ತಿರುಗಿದರು. ಮೂಲಪಾಠದ ಕಾವಲುಗಾರನಾದ ನಾನು, “ಹೌದು, ಒಂದಕ್ಷರವೂ ಬದಲಾಗಿಲ್ಲ,” ಎಂದೆ.

ಅತ್ತೆ ಓದಿದಳು. ಮಾರ್ಕ್ಸು ಸರಿಯಾಯಿತು, ಹುಡುಗಿ ಪಾಸಾದಳು, ಎರಡನೆಯ ವರ್ಷಕ್ಕೆಂದು ಟ್ರಂಕು ಹಿಡಿದು ಏಳೂವರೆ ಬಸ್ಸು ಹತ್ತಿದಳು. ಕಾಳು ಆರಿಸುವಾಕೆ ತಟ್ಟನೆ, “ಏ, ಆಕಿ ಊರಾಗೆ ರೈಲು ಅಲ್ಲೇನೇ ಇದ್ದಿದ್ದು? ಏಳೂವರೆ ಬಸ್ಸು ನಮ್ಮೂರಿಂದು!” ಎಂದಳು. ಅತ್ತೆ ಹಾಳೆಯಿಂದ ತಲೆಯೆತ್ತದೆ, “ಏಳೂವರೆಗೆ ಎಲ್ಲಾ ಊರಾಗೂ ಒಂದು ಬಸ್ಸು ಇರ್ತೈತೆ, ಸುಮ್ನೆ ಕೇಳು,” ಎಂದು ಮುಂದಕ್ಕೆ ಹೋದಳು.

ಓದು ಮುಗಿದಾಗ ಬಸಮ್ಮಜ್ಜಿ ಕಣ್ಣು ಬಿಡದೆ ಒಂದೇ ಮಾತು ಕೇಳಿದಳು. “ಹುಡ್ಗಿ ಹೊಂಟಾಗ ಆಕಿ ಅಜ್ಜಿ ಏನಂದ್ಲು?”

ಧಾರಾವಾಹಿಯಲ್ಲಿ ಅಜ್ಜಿಯೇ ಇರಲಿಲ್ಲ. ನಾನೂ ಬರೆದಿರಲಿಲ್ಲ. ಅತ್ತೆ ಕೊನೆಯ ಹಾಳೆಯನ್ನು ತಿರುಗಿಸಿ, ಅದರ ಖಾಲಿ ಬೆನ್ನನ್ನು ನೋಡುತ್ತಾ ಓದಿದಳು: “ಅಜ್ಜಿ ಏನೂ ಅನ್ನಲಿಲ್ಲ. ಮೊಮ್ಮಗಳ ತಲೆ ಮುಟ್ಟಿ, ಬುತ್ತಿ ಕೈಗೆ ಕೊಟ್ಟಳು.” ನಾನು ಈ ಸಲ ಬಾಯಿ ಬಿಡಲಿಲ್ಲ.

ಸೋಮವಾರ ನೇತ್ರಾವತಿ ದಾವಣಗೆರೆಗೆ ಹೋದಳು. ಬಸವಾಪಟ್ಟಣದವರಿಗೆ ಬರಬೇಡಿ ಎಂದು ಹೇಳಿಕಳಿಸಿದರು. ಅತ್ತೆ ಆ ಧಾರಾವಾಹಿಯ ಮುಂದಿನ ಕಂತುಗಳನ್ನು ಕತ್ತರಿಸಲೇ ಇಲ್ಲ. ನನ್ನ ನಾಲ್ಕು ಹಾಳೆಗಳನ್ನೇ ಕೊನೆಗಿಟ್ಟು ಹೊಲಿದು ಮುಗಿಸಿದಳು. ಅಚ್ಚಾದ ಕಥೆಯಲ್ಲಿ ಆ ಹುಡುಗಿಗೆ ಮುಂದೇನಾಯಿತೋ ನನಗೂ ಗೊತ್ತಿಲ್ಲ. ಹಾಸ್ಟೆಲ್ಲಿಗೆ ಮರಳಿದ ಮೇಲೆ ಯಾಕೋ ಓದಲು ಮನಸ್ಸೇ ಬರಲಿಲ್ಲ.

ಸರೋಜತ್ತೆ ತೀರಿಕೊಂಡು ಎಂಟು ವರ್ಷವಾಯಿತು. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ, ಕೃತಿಯನ್ನು ಹೇಗೆ ಓದಬೇಕು ಎಂದು ನೂರಾರು ಮಕ್ಕಳಿಗೆ ಬರೆಸಿ, ನಿವೃತ್ತನಾದೆ. ಹಳೆಯ ಮಡಿ ಪೂರ್ತಿ ಬಿಟ್ಟಿತೆಂದು ಹೇಳಲಾರೆ. ಹಾಳೆಯ ಮೂಲೆ ಮಡಚಿದವರನ್ನು ಕಂಡರೆ ಈಗಲೂ ಕೈ ಚಡಪಡಿಸುತ್ತದೆ. ಆದರೂ ಒಂದು ಗುಟ್ಟಿನ ಹೆಮ್ಮೆ ನನ್ನೊಳಗಿತ್ತು. ಒಂದು ಮಧ್ಯಾಹ್ನ ಒಂದು ಪಡಸಾಲೆಯನ್ನೇ ನಂಬಿಸಿದೆ, ಒಬ್ಬ ಮುದುಕಿಯ ಮನಸ್ಸು ತಿರುಗಿಸಿದೆ ಎಂಬ ಹೆಮ್ಮೆ.

ಇದನ್ನು ಬರೆಯುವ ಮೊದಲು ಒಂದು ಮಾತು ಕೇಳಬೇಕೆನಿಸಿ ಮೊನ್ನೆ ನೇತ್ರಾವತಿಗೆ ಫೋನ್ ಮಾಡಿದೆ. ಈಗ ಆಕೆ ಜಗಳೂರಿನ ಹತ್ತಿರ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ನಡೆದದ್ದನ್ನೆಲ್ಲ ಒಪ್ಪಿಸಿ, ಆ ಕೊನೆಯ ಕಂತು ಬರೆದವನು ನಾನೇ, ಇಷ್ಟು ವರ್ಷ ಮುಚ್ಚಿಟ್ಟಿದ್ದೆ, ಈಗ ಬರೆಯಲೇ ಎಂದು ಕೇಳಿದೆ. ಆಕೆ ಗಟ್ಟಿಯಾಗಿ ನಕ್ಕಳು.

“ಬರೀರಿ ಅಣ್ಣ, ಅದ್ರಾಗೇನೈತೆ. ಆದ್ರೆ ನಮ್ಮಜ್ಜಿಗೆ ಅವತ್ತೇ ಗೊತ್ತಾಗಿತ್ತು.”

“ಬಸಮ್ಮಜ್ಜಿಗಾ?”

“ಹ್ಞೂಂ. ನನ್ನ ಬಸ್ ಹತ್ಸಾಕೆ ಬಂದಿತ್ತು. ಕಿವ್ಯಾಗೆ ಹೇಳ್ತು. ‘ಆ ಕತಿ ಸುಳ್ಳು ಅಂತ ನಂಗೊತ್ತೈತೆ. ಸರೋಜನ ಅಳಿಯ ಬರ್ದಿದ್ದು. ಹುಡುಗಂಗೆ ಸುಳ್ಳು ಹೇಳಿ ರೂಢಿ ಇಲ್ಲ, ಮುಖ ಕೆಂಪಗಾಗಿತ್ತು. ಆದ್ರೂ ನಿನ್ನ ಸಲುವಾಗಿ ಕುಂತು ಬರ್ದಾನೆ, ಸರೋಜ ನಿನ್ನ ಸಲುವಾಗಿ ಅದನ್ನ ನಿಜ ಮಾಡಿ ಓದ್ಯಾಳೆ. ಯಾರ್ಯಾರೋ ನಿನ್ನ ಬೆನ್ನಿಗೆ ನಿಂತಾರಂತೆ, ನಾನು ನಿಮ್ಮಜ್ಜಿ, ನಾನು ಬ್ಯಾಡ ಅನ್ನಾಕೆ ಆಗ್ತೈತಾ? ಹೋಗಿ ಬಾ’ ಅಂತು. ತಲೆ ಮುಟ್ಟಿ ಬುತ್ತಿ ಕೊಡ್ತು.”

ಫೋನ್ ಕಿವಿಗೆ ಹಿಡಿದುಕೊಂಡೇ ನಾನು ಕುರ್ಚಿಯಲ್ಲಿ ಕೂತೆ.

“ಅಣ್ಣ, ಅದೀರೇನ್ರಿ?”

“ಅದೀನಮ್ಮ,” ಎಂದೆ.

ಬಸಮ್ಮಜ್ಜಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಜೀವಮಾನದಲ್ಲಿ ನಾನು ಬರೆದದ್ದು ಒಂದೇ ಒಂದು ಕಥೆ, ಅದಕ್ಕೆ ಅಷ್ಟು ಒಳ್ಳೆಯ ಓದುಗರು ಸಿಕ್ಕಿದ್ದರೆಂದು ಮೊನ್ನೆಯವರೆಗೂ ನನಗೆ ಗೊತ್ತಿರಲಿಲ್ಲ.